‘ಜೈ ಭೀಮ್’ ಚಿತ್ರವನ್ನು ನಡುವೆ ನಿಲ್ಲಿಸಿ ಪಾಠ ಮಾಡುವ ಬಗೆ

ಕಾನೂನು ಕಾಲೇಜಿನಲ್ಲಿ ಸಂವಿಧಾನ ಕಲಿಸುತ್ತೇನೆ. ಹೇಬಿಯಸ್ ಕಾರ್ಪಸ್ ರಿಟ್ (ಬಂಧನದಲ್ಲಿರುವವರನ್ನು ತನ್ನ ಮುಂದೆ ಹಾಜರುಪಡಿಸಿ ಎಂಬ ನ್ಯಾಯಾಲಯದ ಆದೇಶ) ಪಾಠಕ್ಕೆ ಈಗ ಟಿ.ಜೆ. ಜ್ಞಾನವೇಲ್ ನಿರ್ದೇಶನದ ‘ಜೈ ಭೀಮ್’ ನನಗೆ ಬೇಕೇ ಬೇಕು. 2021ರ ನವೆಂಬರ್‌ನಲ್ಲಿ ಬಿಡುಗಡೆಯಾದ ಈ ತಮಿಳು ಚಿತ್ರ ಕನ್ನಡಕ್ಕೂ ಡಬ್ ಆಗಿರುವುದರಿಂದ ವಿದ್ಯಾರ್ಥಿಗಳಿಗೆ ಭಾಷೆಯ ತೊಡಕಿಲ್ಲ. ಆದರೆ ಚಿತ್ರವನ್ನು ಒಂದೇ ಉಸಿರಿಗೆ ತೋರಿಸುವುದಿಲ್ಲ. ಎರಡು ಮುಕ್ಕಾಲು ಗಂಟೆ ನೋಡಿ, ಕಣ್ಣೊರೆಸಿಕೊಂಡು, ವಕೀಲರ ಪಾತ್ರದ ಸೂರ್ಯ ಅವರ ವಾದಕ್ಕೆ ಚಪ್ಪಾಳೆ ತಟ್ಟಿ ಎದ್ದು ಹೋದರೆ ನಾಳೆ ವಕೀಲರಾಗುವವರ ಕೈಗೆ ಏನೂ ದಕ್ಕುವುದಿಲ್ಲ.

ಮೊದಲ ದಿನ ಆರಂಭದ ದೃಶ್ಯವಷ್ಟೇ. ಜೈಲಿನಿಂದ ಹೊರಬಂದವರನ್ನು ಬಾಗಿಲಲ್ಲೇ ತಡೆದು ಜಾತಿ ಕೇಳುತ್ತಾರೆ. ಪ್ರಬಲ ಜಾತಿಯವನು ಮನೆಗೆ ಹೋಗುತ್ತಾನೆ. ಉಳಿದವರನ್ನು ಪಕ್ಕಕ್ಕೆ ನಿಲ್ಲಿಸಿ, ಬಗೆಹರಿಯದ ಪ್ರಕರಣಗಳಿಗೆ ಆರೋಪಿಗಳನ್ನಾಗಿ ಪೊಲೀಸರು ಹಂಚಿಕೊಳ್ಳುತ್ತಾರೆ. ಅಲ್ಲಿಗೆ ಚಿತ್ರ ನಿಲ್ಲಿಸಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಬರುತ್ತೇನೆ. ಹುಟ್ಟಿನಿಂದಲೇ ಕಳ್ಳರೆಂದು ಇಡೀ ಸಮುದಾಯಗಳ ಹೆಸರು ಬರೆದಿಟ್ಟ ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಠಾಣೆಗಳ ಅಭ್ಯಾಸ ಅದರೊಂದಿಗೆ ರದ್ದಾಗಲಿಲ್ಲ. ನಮ್ಮ ಕೊರಚ, ಕೊರಮರೂ ಆ ಕಳಂಕ ಹೊತ್ತವರೇ ಎಂದಾಗ ತರಗತಿಗೆ ಇದು ಪಕ್ಕದ ರಾಜ್ಯದ ಕತೆಯಾಗಿ ಉಳಿಯುವುದಿಲ್ಲ.

ಠಾಣೆಯೊಳಗಿನ ಹಿಂಸೆಯ ದೃಶ್ಯಗಳನ್ನು ಬಹುಪಾಲು ದಾಟಿಸಿಬಿಡುತ್ತೇನೆ. ಅಂಥದ್ದನ್ನು ಮನೆಯವರ ಬಾಯಲ್ಲಿ ಕೇಳಿ ಬೆಳೆದ ಮಕ್ಕಳು ಬೆಂಚಿನಲ್ಲಿ ಕುಳಿತಿರಬಹುದು. ಏನು ನಡೆಯಿತು ಎಂದು ಬಾಯಲ್ಲಿ ಹೇಳಿದರೆ ಸಾಕು.

ಕಳವಿನ ಸುಳ್ಳು ಆರೋಪದಲ್ಲಿ ಹಿಡಿದ ಮೂವರೂ ತಪ್ಪಿಸಿಕೊಂಡು ಓಡಿಹೋದರು ಎಂದು ಪೊಲೀಸರು ಹೇಳಿ, ಅವರಲ್ಲೊಬ್ಬನ ಗರ್ಭಿಣಿ ಹೆಂಡತಿ ಸೆಂಗೇಣಿ ವಕೀಲ ಚಂದ್ರು ಅವರ ಬಳಿ ಬರುವಲ್ಲಿಗೆ ಪ್ರೊಜೆಕ್ಟರ್ ಆರಿಸುತ್ತೇನೆ. ಅವಳ ಪರವಾಗಿ, ಹೈಕೋರ್ಟಿಗೆ ರಿಟ್ ಹೊರಡಿಸುವ ಅಧಿಕಾರ ಕೊಡುವ 226ನೇ ವಿಧಿಯಡಿ ಅರ್ಜಿ ಮತ್ತು ಅದರ ಜೊತೆಗಿನ ಪ್ರಮಾಣಪತ್ರ (ಅಫಿಡವಿಟ್) ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರ ಮೊದಲ ಸಾಲು ಒಂದೇ: ‘ಪೊಲೀಸರು ನನ್ನ ಗಂಡನನ್ನು ಕೊಂದಿದ್ದಾರೆ.’ ಅದನ್ನು ಸೆಂಗೇಣಿ ಕಂಡಿದ್ದಾಳೆಯೇ? ಇಲ್ಲ. ಅವಳು ಕಂಡದ್ದು ಠಾಣೆಯಲ್ಲಿ ಹೊಡೆತ ತಿಂದು ತ್ರಾಣ ಕಳೆದುಕೊಂಡ ಗಂಡನನ್ನು. ಅದನ್ನೇ ಬರೆಯಬೇಕು, ಅಂಥವನು ಓಡಿಹೋದ ಎಂಬ ಕತೆ ಆ ಒಂದು ವಾಕ್ಯದ ಮುಂದೆ ತಾನಾಗಿ ಅಲುಗಾಡುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ 22ನೇ ವಿಧಿ ಇಲ್ಲಿ ಬಂದು ಕೂರುತ್ತದೆ. ಮುಂದೆ ಓದಿಕೊಳ್ಳಲು ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೇಳಿದ 1996ರ ಡಿ.ಕೆ. ಬಸು ತೀರ್ಪನ್ನೂ ಸೂಚಿಸುತ್ತೇನೆ. ಚಿತ್ರದ ಕತೆ ನಡೆಯುವ ಕಾಲಕ್ಕೆ ಅದು ಬಂದಿರಲಿಲ್ಲ, 22ನೇ ವಿಧಿಯಂತೂ 1950ರಿಂದಲೇ ಇತ್ತು.

ಆಮೇಲೆ ನ್ಯಾಯಾಲಯದ ಭಾಗ. ಹೇಬಿಯಸ್ ಕಾರ್ಪಸ್ ಅರ್ಜಿಗಳು ಸಾಮಾನ್ಯವಾಗಿ ಪ್ರಮಾಣಪತ್ರಗಳ ಮೇಲೆಯೇ ತೀರ್ಮಾನವಾಗುತ್ತವೆ. ಚಂದ್ರು ಸಾಕ್ಷಿಗಳನ್ನು ವಿಚಾರಿಸಲು ಅನುಮತಿ ಕೇಳಿ, ಕೇರಳದ ರಾಜನ್ ಪ್ರಕರಣವನ್ನು ಮುಂದಿಡುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಒಯ್ದ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ಗಾಗಿ ಅವನ ತಂದೆ ಈಚರ ವಾರಿಯರ್ 1977ರಲ್ಲಿ ಹೈಕೋರ್ಟಿಗೆ ಹೋಗಿದ್ದರು, ಅಲ್ಲಿ ಸಾಕ್ಷಿಗಳ ವಿಚಾರಣೆಯೂ ನಡೆದಿತ್ತು. ಒಬ್ಬ ತಂದೆಯ ಹಟ ಬೇರೆ ರಾಜ್ಯದ ಒಬ್ಬ ಹೆಂಡತಿಗೆ ದಾರಿಯಾಗುವುದನ್ನು ನೋಡಿದ ಮೇಲೆ ಪೂರ್ವನಿದರ್ಶನ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಚಿತ್ರದ ಬಗ್ಗೆ ನನಗೊಂದು ತಕರಾರಿದೆ, ಅದನ್ನೂ ಹೇಳಿಯೇ ಮುಂದೆ ಹೋಗುತ್ತೇನೆ. ವಕೀಲರ ಎತ್ತರದಲ್ಲಿ ಸೆಂಗೇಣಿ ಆಗಾಗ ಮರೆಯಾಗುತ್ತಾಳೆ. ಮುಂದೆ ನ್ಯಾಯಮೂರ್ತಿಯಾದ ಕೆ. ಚಂದ್ರು ನಡೆಸಿದ 1993ರ ನಿಜ ಪ್ರಕರಣವೇ ಚಿತ್ರಕ್ಕೆ ಆಧಾರ. ಅಲ್ಲಿ ಸತ್ತವರು ಕುರವ ಸಮುದಾಯದವರು, ಚಿತ್ರ ಅವರನ್ನು ಇರುಳ ಬುಡಕಟ್ಟಿನವರನ್ನಾಗಿ ತೋರಿಸಿದೆ. ಸ್ಥಳೀಯ ಕಮ್ಯುನಿಸ್ಟ್ ಕಾರ್ಯಕರ್ತರು ಆ ಕುಟುಂಬದ ಜೊತೆ ನಿಂತಿದ್ದರು.

ಈ ತಕರಾರಿನಿಂದಲೇ ಕೊನೆಯ ಅಭ್ಯಾಸ ರೂಪುಗೊಂಡಿತು. ಒಬ್ಬ ವಿದ್ಯಾರ್ಥಿನಿ ಸೆಂಗೇಣಿಯಾಗಿ ಕೂರುತ್ತಾಳೆ. ಬರೆದವರು ತಮ್ಮ ಪ್ರಮಾಣಪತ್ರವನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಬೇಕು. ‘ಇದು ನಾನು ಹೇಳಿದ್ದಲ್ಲ’ ಎಂದು ಅವಳು ಅಂದ ಸಾಲನ್ನು ಅಲ್ಲೇ ಹೊಡೆದುಹಾಕುತ್ತೇವೆ. ಎಲ್ಲವನ್ನೂ ಒಪ್ಪಿದ ಮೇಲಷ್ಟೇ ಹೆಬ್ಬೆಟ್ಟು. ಇದಕ್ಕೆ ಒಂದು ಇಡೀ ತರಗತಿ ಮೀಸಲಿಡಿ. ಸಮಯ ಸಾಲದಿದ್ದರೆ ನ್ಯಾಯಾಲಯದ ದೃಶ್ಯಗಳನ್ನು ಮೊಟಕುಗೊಳಿಸಿ, ಇದನ್ನಲ್ಲ.