ಪೈಲಟ್-ಲಿಂಕ್ ಪ್ಯಾಕೇಜನ್ನು ನಾನು ಉಳಿಸಿಕೊಂಡು ಬಂದ ಬಗೆ

ಪಾಮ್ ಕಂಪನಿಯ ಹಳೆಯ ಅಂಗೈ ಕಂಪ್ಯೂಟರುಗಳಲ್ಲಿ ವಿಳಾಸ, ದಿನಚರಿ, ಟಿಪ್ಪಣಿ ಎಲ್ಲವೂ ರ್‍ಯಾಮ್‌ನಲ್ಲೇ ಇರುತ್ತಿದ್ದವು. 2000ದ ಸುಮಾರಿನ ಎಂ100 ಮಾದರಿಯಲ್ಲಿ ಎರಡು ಸಣ್ಣ ಎಎಎ ಬ್ಯಾಟರಿ. ಅವು ಪೂರ್ತಿ ಇಳಿದು, ಬದಲಾಯಿಸಲು ತಡವಾದರೆ ಒಳಗಿನದೆಲ್ಲ ಹೋಯಿತು. ಸಿಂಕ್, ಎಂದರೆ ಸಾಧನದ ಮಾಹಿತಿಯನ್ನೂ ಕಂಪ್ಯೂಟರಿನ ಮಾಹಿತಿಯನ್ನೂ ಹೊಂದಿಸುವುದು, ಆ ಸಾಧನದಲ್ಲಿ ಇದ್ದರೆ ಅನುಕೂಲ, ಇಲ್ಲದಿದ್ದರೆ ನಡೆಯುತ್ತದೆ ಎನ್ನುವಂಥ ಸೌಲಭ್ಯವಾಗಿರಲಿಲ್ಲ. ಬರೆದದ್ದು ಉಳಿಯಲು ಇದ್ದ ದಾರಿಯೇ ಅದು. ಲಿನಕ್ಸ್ ಬಳಸುವವರಿಗೆ ಆ ದಾರಿಯನ್ನು ಪೈಲಟ್-ಲಿಂಕ್ ಎಂಬ ಮುಕ್ತ ತಂತ್ರಾಂಶ ಮಾಡಿಕೊಟ್ಟಿತು. ಅದರ ಲೈಬ್ರರಿಯ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ) ಮೇಲೆಯೇ, ಪಾಮ್‌ನ ವಿಳಾಸ, ದಿನಚರಿಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಜೆ-ಪೈಲಟ್‌ನಂಥ ಅಪ್ಲಿಕೇಶನ್‌ಗಳು ನಿಂತಿವೆ.

ಪೈಲಟ್-ಲಿಂಕ್‌ನ ಕೊನೆಯ ಅಧಿಕೃತ ಆವೃತ್ತಿ 0.12.5. ಅದಾದ ಮೇಲೆ ಮೂಲ ಯೋಜನೆಯ ಕೆಲಸ ನಿಂತಿತು. ಕೋಡನ್ನು ಓಡಬಲ್ಲ ಪ್ರೋಗ್ರಾಮಾಗಿಸುವ ಕಂಪೈಲರ್ ಬದಲಾಗುತ್ತಾ ಹೋಯಿತು, ಲಿನಕ್ಸ್ ಬದಲಾಗುತ್ತಾ ಹೋಯಿತು, ಈ ಕೋಡ್ ಮಾತ್ರ ಇದ್ದಲ್ಲೇ ಇತ್ತು. ನಾನು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವವನು. ನನ್ನ ಎಂ500 ಸಾಧನಕ್ಕಾಗಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮೇಲೆ ಇದನ್ನು ಕಂಪೈಲ್ ಮಾಡಿ ಕಟ್ಟಿಕೊಳ್ಳಲು ಕುಳಿತೆ. ಪರಿಚಯದವರು ಒಬ್ಬೊಬ್ಬರಾಗಿ ಕೇಳತೊಡಗಿದಾಗ ನೇರವಾಗಿ ಸ್ಥಾಪಿಸಿಕೊಳ್ಳಬಹುದಾದ ಪ್ಯಾಕೇಜುಗಳ ಸಣ್ಣದೊಂದು ಭಂಡಾರವನ್ನೇ ತೆರೆದೆ. ಅಧಿಕೃತ ಡೆಬಿಯನ್ ಪ್ಯಾಕೇಜಿಗೂ ನನ್ನದಕ್ಕೂ ಸಂಬಂಧವಿಲ್ಲ. ಆದರೆ ಅಲ್ಲಿ ಹಿಂದೆ ದುಡಿದವರ ಪ್ಯಾಚ್‌ಗಳಿಲ್ಲದೆ ನಾನು ಒಂದು ಹೆಜ್ಜೆಯನ್ನೂ ಇಡಲಾಗುತ್ತಿರಲಿಲ್ಲ. ಡೆಬಿಯನ್‌ನ ಸ್ನ್ಯಾಪ್‌ಶಾಟ್ ಭಂಡಾರ ಹಳೆಯ ಮೂಲ ಕೋಡನ್ನೂ ಅವರ ತಿದ್ದುಪಡಿಗಳನ್ನೂ ಜೋಪಾನವಾಗಿ ಇಟ್ಟಿದೆ. ನಿಂತುಹೋದ ಯೋಜನೆಯನ್ನು ಕೈಗೆತ್ತಿಕೊಳ್ಳುವವರು ಮೊದಲು ಅಲ್ಲಿಗೆ ಹೋಗಬೇಕು. ಸಿಕ್ಕ ಪ್ರತಿಯೊಂದು ಪ್ಯಾಚ್‌ನ ತಲೆಯಲ್ಲಿ ಬರೆದವರು ಯಾರು, ಏಕೆ ಬರೆದರು ಎಂಬುದನ್ನು ಉಳಿಸಿಕೊಂಡೆ. ಹತ್ತು ವರ್ಷ ಬಿಟ್ಟು ಓದುವವರಿಗೆ ಕೋಡಿಗಿಂತ ಆ ಎರಡು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಕಟ್ಟುವ ಕೆಲಸದ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಹಳೆಯ ಸಿ ಭಾಷೆಯ ಯಾವ ಯೋಜನೆಯಲ್ಲೂ ಇವೇ ಎದುರಾಗುತ್ತವೆ. ಯಂತ್ರದ ಬಗೆಯನ್ನು ಗುರುತಿಸುವ ಹಳೆಯ ಸ್ಕ್ರಿಪ್ಟ್‌ಗಳಿಗೆ (ಪುಟ್ಟ ಆಜ್ಞಾಕಡತಗಳಿಗೆ) 64 ಬಿಟ್‌ನ ಆರ್ಮ್ ಪ್ರೊಸೆಸರ್ ಎಂದರೆ ಏನೆಂದೇ ಗೊತ್ತಿಲ್ಲ. ಚಿತ್ರಗಳಿಗೆ ಬಳಸುವ ಲಿಬ್‌ಪಿಎನ್‌ಜಿ ಎಂಬ ಲೈಬ್ರರಿ ತನ್ನ 1.4 ಆವೃತ್ತಿಯಲ್ಲಿ ಕೆಲವು ಹಳೆಯ ಫಂಕ್ಷನ್‌ಗಳನ್ನು ತೆಗೆದುಹಾಕಿತು. ಯುಎಸ್‌ಬಿ ಭಾಗ ಲಿಬ್‌ಯುಎಸ್‌ಬಿಯ 0.1 ಆವೃತ್ತಿಗೆ ಬರೆದದ್ದು, ಈಗ ಇರುವುದು 1.0. ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಕಟ್ಟುವಾಗಲೇ ಕೆಲಸ ನಿಂತುಹೋಗುತ್ತದೆ, ನೋಡಿ ಸರಿಪಡಿಸಬಹುದು. ನಾನು ಹೆಚ್ಚು ಹೆದರುವುದು ಸದ್ದಿಲ್ಲದೆ ಬರುವ ದೋಷಕ್ಕೆ. 2024ರಲ್ಲಿ ಬಂದ ಜಿಸಿಸಿ 14 ಕಂಪೈಲರ್, ಘೋಷಿಸದೆ ಬಳಸಿದ ಫಂಕ್ಷನ್‌ಗಳನ್ನು ಎಚ್ಚರಿಕೆಯ ಸಾಲಿನಿಂದ ದೋಷದ ಸಾಲಿಗೆ ಸೇರಿಸಿತು. ಹಳೆಯ ಯೋಜನೆಗಳ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲಿ, ಎಂದರೆ ಕಟ್ಟುವ ಮುನ್ನ ಯಂತ್ರದಲ್ಲಿ ಏನೇನಿದೆ ಎಂದು ನೋಡುವ ಸ್ಕ್ರಿಪ್ಟ್‌ಗಳಲ್ಲಿ, ‘ಈ ಸೌಲಭ್ಯ ಇದೆಯೇ’ ಎಂದು ಪರೀಕ್ಷಿಸುವ ಪುಟ್ಟ ತುಣುಕುಗಳು ಎಷ್ಟೋ ಸಲ ಹಾಗೆಯೇ ಬರೆದಂಥವು. ಪರೀಕ್ಷೆಯ ತುಣುಕೇ ಕಂಪೈಲ್ ಆಗದಿದ್ದರೆ ಸ್ಕ್ರಿಪ್ಟ್ ‘ಆ ಸೌಲಭ್ಯ ಇಲ್ಲ’ ಎಂದು ತೀರ್ಮಾನಿಸಿ ಮುಂದೆ ಹೋಗುತ್ತದೆ. ಪ್ಯಾಕೇಜ್ ಸಿದ್ಧವಾಗುತ್ತದೆ, ಒಳಗೆ ಏನೋ ಒಂದು ಕಡಿಮೆಯಾಗಿರುತ್ತದೆ. ಆದ್ದರಿಂದ ಕಂಪೈಲರ್ ಬದಲಾದಾಗಲೆಲ್ಲ ಹಿಂದಿನ ಕಾನ್ಫಿಗರ್ ವರದಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುತ್ತೇನೆ. ಇದನ್ನು ಯಂತ್ರಕ್ಕೆ ಒಪ್ಪಿಸಿಲ್ಲ, ನಾನೇ ಓದುತ್ತೇನೆ.

ಸಿಂಕ್ ತಂತ್ರಾಂಶದ ನಿಜವಾದ ಹೊಣೆ ಇರುವುದು ದಾಖಲೆಗಳಲ್ಲಿ. ಪಾಮ್‌ನ ಡೇಟಾಬೇಸ್‌ನಲ್ಲಿ ಪ್ರತಿ ದಾಖಲೆಗೂ ಮೂರು ಬೈಟ್‌ನ ಒಂದು ಗುರುತುಸಂಖ್ಯೆ, ಒಂದು ಬೈಟ್‌ನ ಲಕ್ಷಣಗಳು. ಆ ಒಂದು ಬೈಟ್‌ನ ಕೆಳಗಿನ ನಾಲ್ಕು ಬಿಟ್ ವರ್ಗಕ್ಕೆ ಮೀಸಲು; ಪಾಮ್‌ನಲ್ಲಿ ಹದಿನಾರಕ್ಕಿಂತ ಹೆಚ್ಚು ವರ್ಗ ಮಾಡಲಾಗದಿರುವುದು ಇದರಿಂದಲೇ. ಮೇಲಿನ ನಾಲ್ಕರಲ್ಲಿ ಒಂದು ‘ಅಳಿಸಲಾಗಿದೆ’ ಎನ್ನುತ್ತದೆ, ಇನ್ನೊಂದು ‘ಬದಲಾಗಿದೆ’ ಎನ್ನುತ್ತದೆ, ಮತ್ತೊಂದು ‘ಗೋಪ್ಯ’ ಎನ್ನುತ್ತದೆ. ಸಿಂಕ್ ನಡೆಯುವುದು ಈ ಬಿಟ್‌ಗಳನ್ನು ನಂಬಿ. ಸಾಧನ ತಾನು ಕಡೆಯ ಸಲ ಯಾವ ಕಂಪ್ಯೂಟರಿನೊಡನೆ ಸಿಂಕ್ ಮಾಡಿದೆ ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ. ಈಗಲೂ ಅದೇ ಕಂಪ್ಯೂಟರ್ ಎದುರಿಗಿದ್ದರೆ ಬದಲಾದ ದಾಖಲೆಗಳನ್ನಷ್ಟೇ ಕೊಟ್ಟು, ಗುರುತುಗಳನ್ನು ಅಳಿಸಿ ಕೆಲಸ ಮುಗಿಸುತ್ತದೆ. ಬೇರೆ ಕಂಪ್ಯೂಟರ್ ಆದರೆ ಆ ಗುರುತುಗಳಿಗೆ ಬೆಲೆಯಿಲ್ಲ, ಏಕೆಂದರೆ ಮೊದಲ ಕಂಪ್ಯೂಟರ್ ಅವನ್ನು ಆಗಲೇ ಅಳಿಸಿಬಿಟ್ಟಿದೆ. ಆಗ ಎಲ್ಲ ದಾಖಲೆಗಳನ್ನೂ ಒಂದೊಂದಾಗಿ ಹೋಲಿಸುವ ನಿಧಾನ ಸಿಂಕ್ ಆಗಬೇಕು.

ಇಲ್ಲೊಂದು ಅಪಾಯವಿದೆ. ಜೆ-ಪೈಲಟ್ ತನ್ನ ಕಂಪ್ಯೂಟರ್ ಸಂಖ್ಯೆಯನ್ನು ಬಳಕೆದಾರರ ಮನೆ ಕಡತಕೋಶದೊಳಗೆ, ಅಲ್ಲಿನ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಹೊಸ ಲ್ಯಾಪ್‌ಟಾಪ್ ಕೊಂಡವರು ಆರು ತಿಂಗಳ ಹಿಂದಿನ ಬ್ಯಾಕಪ್‌ನಿಂದ ಆ ಫೋಲ್ಡರನ್ನು ಎತ್ತಿ ಹಾಕುತ್ತಾರೆ. ಸಂಖ್ಯೆ ಅದೇ, ಮಾಹಿತಿ ಆರು ತಿಂಗಳು ಹಳೆಯದು. ಸಾಧನ ತನಗೆ ಪರಿಚಯದ ಕಂಪ್ಯೂಟರ್ ಸಿಕ್ಕಿತೆಂದು ವೇಗದ ಸಿಂಕ್ ಮಾಡುತ್ತದೆ. ಆ ಆರು ತಿಂಗಳಲ್ಲಿ ಬದಲಾಗಿ, ಹಿಂದಿನ ಲ್ಯಾಪ್‌ಟಾಪಿಗೆ ಹೋಗಿದ್ದ ದಾಖಲೆಗಳು ಹೊಸ ಕಂಪ್ಯೂಟರಿಗೆ ಬರುವುದೇ ಇಲ್ಲ, ಬರಲಿಲ್ಲವೆಂದು ಯಾರಿಗೂ ತಿಳಿಯುವುದೂ ಇಲ್ಲ. ಇದರಲ್ಲಿ ಯಾವ ಪ್ರೋಗ್ರಾಮಿನದೂ ತಪ್ಪಿಲ್ಲ. ಆದರೂ ಪ್ಯಾಕೇಜ್ ಮಾಡುವವನು ಸುಮ್ಮನಿರಬಾರದು ಎಂದು ನನಗನ್ನಿಸಿತು. ನನ್ನ ಪ್ಯಾಕೇಜಿನ ರೀಡ್‌ಮಿ ಕಡತದಲ್ಲಿ ಮೊದಲ ಸಾಲೇ ಇದು: ಹಳೆಯ ಫೋಲ್ಡರನ್ನು ತಂದು ಹಾಕಿದ್ದರೆ ಮೊದಲು ಸಾಧನದ ಪೂರ್ತಿ ಬ್ಯಾಕಪ್ ತೆಗೆಯಿರಿ, ಆಮೇಲೆ ನಿಧಾನ ಸಿಂಕ್ ಮಾಡಿ. ಪೈಲಟ್-ಎಕ್ಸ್‌ಫರ್ ಎಂಬ, ಆಜ್ಞೆ ಬೆರಳಚ್ಚಿಸಿ ಬ್ಯಾಕಪ್ ತೆಗೆಯುವ ಸಾಧಾರಣ ಪ್ರೋಗ್ರಾಮನ್ನು ನಾನು ಬೇರೆ ಪ್ಯಾಕೇಜಿಗೆ ಒಡೆಯದೆ ಲೈಬ್ರರಿಯ ಜೊತೆಗೇ ಬರುವಂತೆ ಮಾಡಿರುವುದೂ ಇದಕ್ಕಾಗಿ. ಪೂರ್ತಿ ಬ್ಯಾಕಪ್ ತೆಗೆಯುವ ಮಾರ್ಗ ಎಲ್ಲರ ಕಂಪ್ಯೂಟರಿನಲ್ಲೂ ಮೊದಲ ದಿನದಿಂದಲೇ ಇರಲಿ.

ಯುಎಸ್‌ಬಿಯ ವಿಷಯದಲ್ಲೂ ಇಂಥದೇ ಒಂದು ತೀರ್ಮಾನ ಮಾಡಬೇಕಾಯಿತು. ಪಾಮ್ ಸಾಧನವನ್ನು ಕೇಬಲ್‌ಗೆ ಸಿಕ್ಕಿಸಿದ ಮಾತ್ರಕ್ಕೆ ಕಂಪ್ಯೂಟರಿಗೆ ಅದು ಕಾಣುವುದಿಲ್ಲ. ಹಾಟ್‌ಸಿಂಕ್ ಗುಂಡಿ ಒತ್ತಿದಾಗ ಮಾತ್ರ ಯುಎಸ್‌ಬಿ ಸಂಪರ್ಕಕ್ಕೆ ಬರುತ್ತದೆ, ಸ್ವಲ್ಪ ಹೊತ್ತು ಯಾರೂ ಮಾತಾಡಿಸದಿದ್ದರೆ ಹೊರಟುಹೋಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ವೈಸರ್ ಎಂಬ ಡ್ರೈವರ್ (ಸಾಧನದೊಡನೆ ಮಾತಾಡುವ ಕೋಡ್) ಇದೆ, ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ಸಾಧನದ ಹೆಸರು ಹೊತ್ತದ್ದು. ಅದು ಪಾಮ್ ಸಾಧನವನ್ನು ಸೀರಿಯಲ್ ಪೋರ್ಟಿನಂತೆ ತೋರಿಸುತ್ತದೆ. ಪೈಲಟ್-ಲಿಂಕ್ 0.12ಕ್ಕೆ ಆ ಡ್ರೈವರ್ ಬೇಕಿಲ್ಲ, ಅದು ಲಿಬ್‌ಯುಎಸ್‌ಬಿ ಮೂಲಕ ನೇರವಾಗಿ ಮಾತಾಡಬಲ್ಲದು. ಎರಡೂ ಇದ್ದರೆ ಎರಡೂ ಅದೇ ಸಾಧನಕ್ಕೆ ಕೈಚಾಚುತ್ತವೆ, ಒಮ್ಮೊಮ್ಮೆ ಸಿಂಕ್ ಅರ್ಧದಲ್ಲಿ ನಿಲ್ಲುತ್ತದೆ. ಹಾಗಾಗಿ ವೈಸರ್ ಡ್ರೈವರ್ ತಾನಾಗಿ ಏರದಂತೆ ತಡೆಯುವ ಒಂದು ಸಾಲಿನ ಕಡತವನ್ನು ಪ್ಯಾಕೇಜಿನಲ್ಲಿ ಇಟ್ಟೆ. ಪ್ಯಾಕೇಜೊಂದು ಕರ್ನೆಲ್‌ನ ನಡವಳಿಕೆಯನ್ನು ಬದಲಿಸಬಾರದು ಎನ್ನುವವರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಹಳೆಯ ಸೀರಿಯಲ್ ದಾರಿಯನ್ನೇ ನೆಚ್ಚಿಕೊಂಡ ಬೇರೆ ಪ್ರೋಗ್ರಾಮುಗಳಿಗೆ ಇದರಿಂದ ತೊಂದರೆ. ಆದರೆ ಅಂಥವನ್ನು ಬಳಸುವವರಿಗೆ ಏನು ಕೆಟ್ಟಿದೆ ಎಂದು ಕೂಡಲೇ ತಿಳಿಯುತ್ತದೆ, ಆ ಒಂದು ಸಾಲು ಅಳಿಸಿದರೆ ಸರಿಹೋಗುತ್ತದೆ. ಅರ್ಧಕ್ಕೆ ನಿಂತ ಸಿಂಕ್‌ನಲ್ಲಿ ಏನು ಹೋಯಿತು ಎಂಬುದು ತಿಳಿಯಲು ತಿಂಗಳುಗಳು ಬೇಕು. ನನಗೆ ಆಯ್ಕೆ ಕಷ್ಟವಾಗಲಿಲ್ಲ. ಜೊತೆಗೆ ಪಾಮ್‌ನ ತಯಾರಕರ ಸಂಖ್ಯೆ 0830 ಕಂಡರೆ ಕಂಪ್ಯೂಟರಿನ ಮುಂದೆ ಕುಳಿತಿರುವ ಬಳಕೆದಾರರಿಗೇ ಅನುಮತಿ ಕೊಡುವಂತೆ, ಲಿನಕ್ಸ್‌ನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ಒಂದು ನಿಯಮವನ್ನೂ ಸೇರಿಸಿದೆ. ಯಾರೂ ಸಿಂಕ್‌ಗಾಗಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಬೇಕಾದ ಅಗತ್ಯ ಇರಬಾರದು.

‘ಸಿಂಕ್ ಆಗುತ್ತಿಲ್ಲ’ ಎಂದು ಬರೆದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಗುಂಡಿಯನ್ನು ಮೊದಲು ಒತ್ತಿದಿರಾ, ಆಜ್ಞೆಯನ್ನು ಮೊದಲು ಕೊಟ್ಟಿರಾ? ಹೆಚ್ಚಿನ ದೂರುಗಳು ಅಲ್ಲೇ ಬಗೆಹರಿಯುತ್ತವೆ.

ಧಾರವಾಡದಿಂದ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರು ಬರೆದ ದೂರು ಮಾತ್ರ ಹಾಗಿರಲಿಲ್ಲ. ಪಶ್ಚಿಮ ಘಟ್ಟದ ತಿರುಗಾಟಗಳ ಟಿಪ್ಪಣಿಗಳನ್ನು ಅವರು ಎಂ100ರಲ್ಲಿ ಇಟ್ಟಿದ್ದರು. ಕೆಲವು ಟಿಪ್ಪಣಿಗಳು ಹಿಂದೆ ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ತಂತ್ರಾಂಶದಿಂದ ಬೆರಳಚ್ಚಿಸಿ ಸಾಧನಕ್ಕೆ ಕಳಿಸಿದಂಥವು. ಯುನಿಕೋಡ್ ಬರುವ ಮುನ್ನಿನ ನುಡಿ, ಬರಹ ಮುಂತಾದವುಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಪಾಮ್ ತೆರೆಯ ಮೇಲೆ ಅವು ಅರ್ಥವಿಲ್ಲದ ಯುರೋಪಿನ ಅಕ್ಷರಗಳಂತೆ ಕಾಣುತ್ತಿದ್ದವು, ಕಂಪ್ಯೂಟರಿಗೆ ತಂದು ಫಾಂಟ್ ಹಚ್ಚಿದರೆ ಕನ್ನಡವಾಗುತ್ತಿದ್ದವು. ‘ಸರ್, ಈಗ ಸಿಂಕ್ ಮಾಡಿದ ಮೇಲೆ ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ, ಗಿಡಗಳ ಹೆಸರು ಓದಲಾಗುತ್ತಿಲ್ಲ’ ಎಂದು ಅವರು ಬರೆದಿದ್ದರು. ಅಷ್ಟು ಹಿರಿಯರು ನನ್ನನ್ನು ಸರ್ ಎನ್ನುವುದು ಸಂಕೋಚವಾಗಿ, ‘ಮೇಷ್ಟ್ರೇ, ಸಾಧನದ ಬ್ಯಾಟರಿ ಈಗಲೇ ಹೊಸದು ಹಾಕಿ, ಇನ್ನು ಸಿಂಕ್ ಮಾಡಬೇಡಿ’ ಎಂದು ಉತ್ತರಿಸಿದೆ.

ಕಾರಣ ಅಕ್ಷರ ಸಂಕೇತದ ಪರಿವರ್ತನೆಯಲ್ಲಿತ್ತು. ಪಾಶ್ಚಾತ್ಯ ಭಾಷೆಗಳ ಪಾಮ್ ಸಾಧನಗಳು ಪಠ್ಯವನ್ನು ವಿಂಡೋಸ್-1252ರ ಮಾದರಿಯ ಒಂದು ಬೈಟ್‌ನ ಸಂಕೇತದಲ್ಲಿ ಇಡುತ್ತವೆ. ಈಗಿನ ಲಿನಕ್ಸ್ ಪೂರ್ತಿ ಯುನಿಕೋಡ್‌ನ ಯುಟಿಎಫ್-8 ಸಂಕೇತ. ನಡುವೆ ಐಕಾನ್ವ್ ಎಂಬ ಪರಿವರ್ತಕ ಕೂರುತ್ತದೆ. ವಿಂಡೋಸ್-1252ರಲ್ಲಿ ಐದು ಸ್ಥಾನಗಳಿಗೆ ಅಕ್ಷರವೇ ಇಲ್ಲ. ಸಾಧಾರಣ ಇಂಗ್ಲಿಷ್ ಪಠ್ಯದಲ್ಲಿ ಆ ಬೈಟ್‌ಗಳು ಬರುವುದಿಲ್ಲ. ಆದರೆ ಬೈಟ್‌ಗಳನ್ನು ಬೇರೆ ಲಿಪಿಗೆ ದುಡಿಸಿಕೊಂಡ ಪಠ್ಯದಲ್ಲಿ ಯಾವ ಬೈಟ್ ಬೇಕಾದರೂ ಬರಬಹುದು. ಆಗ ಪರಿವರ್ತಕ ದೋಷ ತೋರಿಸುತ್ತದೆ, ಕರೆದ ಪ್ರೋಗ್ರಾಮ್ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದುವರಿಯುತ್ತದೆ. ಬಳಕೆದಾರರು ಕಂಪ್ಯೂಟರಿನಲ್ಲಿ ಆ ಟಿಪ್ಪಣಿಗೆ ಒಂದು ಅಲ್ಪವಿರಾಮ ಸೇರಿಸಿದರೂ ಸಾಕು, ಮುಂದಿನ ಸಿಂಕ್‌ನಲ್ಲಿ ಆ ಚಿಹ್ನೆಯೇ ಸಾಧನಕ್ಕೆ ಹೋಗಿ ಮೂಲ ಅಳಿಯುತ್ತದೆ. ಮೇಷ್ಟ್ರ ಸಾಧನದಲ್ಲಿ ಇನ್ನೂ ಹೆಚ್ಚಿನವು ಮುಟ್ಟದೆ ಉಳಿದಿದ್ದವು. ಪೈಲಟ್-ಎಕ್ಸ್‌ಫರ್‌ನಿಂದ ಬ್ಯಾಕಪ್ ತೆಗೆಸಿದೆವು. ಅದು ಪಠ್ಯವನ್ನು ಪಠ್ಯವೆಂದು ನೋಡುವುದೇ ಇಲ್ಲ, ಬೈಟ್‌ಗಳನ್ನು ಇದ್ದಂತೆ ಕಡತಕ್ಕೆ ಇಳಿಸುತ್ತದೆ. ಆ ಕಡತದಿಂದ ಟಿಪ್ಪಣಿಗಳನ್ನು ಬಿಡಿಸಿ, ಹಳೆಯ ಫಾಂಟಿನ ಸಂಕೇತದಿಂದ ಯುನಿಕೋಡ್‌ಗೆ ತಿರುಗಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಟ್ಟೆ. ಅದಾದ ಮೇಲೆ ಪರಿವರ್ತನೆಯ ಭಾಗಕ್ಕೂ ಪ್ಯಾಚ್ ಮಾಡಿದೆ: ಪರಿವರ್ತಿಸಲಾಗದ ಬೈಟ್ ಸಿಕ್ಕ ದಾಖಲೆಯನ್ನು ಓದಲು ಮಾತ್ರ ಕೊಡುತ್ತದೆ, ಮರಳಿ ಸಾಧನಕ್ಕೆ ಬರೆಯುವುದಿಲ್ಲ, ಯಾವ ದಾಖಲೆ ಎಂದು ಹೆಸರಿಸಿ ಹೇಳುತ್ತದೆ.

ಇಂಥ ಪ್ಯಾಚ್‌ಗಳನ್ನು ಹಿಡಿದು ಪರೀಕ್ಷಿಸಲು ನಿಜವಾದ ಸಾಧನ ಸಾಲದು, ಪದೇಪದೇ ಹಾಳುಮಾಡಿ ಸರಿಮಾಡುವಂಥದು ಬೇಕು. ಕಂಪ್ಯೂಟರಿನೊಳಗೇ ಪಾಮ್ ಸಾಧನವನ್ನು ಅನುಕರಿಸುವ ಪಾಮ್ ಓಎಸ್ ಎಮ್ಯುಲೇಟರ್ ಬಳಸುತ್ತೇನೆ. ಅದರಲ್ಲಿ ನೆಟ್‌ವರ್ಕ್ ಕರೆಗಳನ್ನು ಆತಿಥೇಯ ಕಂಪ್ಯೂಟರಿಗೆ ತಿರುಗಿಸಿದರೆ, ಪೈಲಟ್-ಲಿಂಕ್ ಟಿಸಿಪಿ 14238ನೇ ಪೋರ್ಟಿನಲ್ಲಿ ಕಾಯುತ್ತಾ ಕುಳಿತು ಅದೇ ಯಂತ್ರದೊಳಗೇ ಸಿಂಕ್ ಮಾಡುತ್ತದೆ. ಆರ್‌ಓಎಂ (ಸಾಧನದ ಸ್ಥಿರ ಸ್ಮೃತಿಯಲ್ಲಿರುವ ಪಾಮ್ ಓಎಸ್) ಕಡತ ಮಾತ್ರ ನಮ್ಮದೇ ಸಾಧನದಿಂದ ತೆಗೆದುಕೊಳ್ಳಬೇಕು, ಅದರ ಹಕ್ಕುಸ್ವಾಮ್ಯ ಬೇರೆಯವರದು, ಪ್ಯಾಕೇಜಿನಲ್ಲಿ ಹಂಚುವಂತಿಲ್ಲ. ಸಿಂಕ್ ಮುಗಿದ ಮೇಲೆ ಕಡತಗಳನ್ನು ಹಾಗೇ ಹೋಲಿಸಿದರೆ ಯಾವಾಗಲೂ ವ್ಯತ್ಯಾಸ ಬರುತ್ತದೆ, ಏಕೆಂದರೆ ತಲೆಭಾಗದಲ್ಲಿ ಬ್ಯಾಕಪ್‌ನ ದಿನಾಂಕ ಬದಲಾಗಿರುತ್ತದೆ. ದಾಖಲೆ ದಾಖಲೆಯಾಗಿ, ಗುರುತುಸಂಖ್ಯೆ ಹಿಡಿದು ಹೋಲಿಸಬೇಕು. ಈ ಪರೀಕ್ಷೆ ದಾಟದ ಯಾವ ಬದಲಾವಣೆಯೂ ನನ್ನ ಭಂಡಾರಕ್ಕೆ ಏರುವುದಿಲ್ಲ, ಅದು ಒಂದು ಸಾಲಿನದಾದರೂ ಸರಿ.

ಹೊಸ ಸೌಲಭ್ಯ ಕೇಳಿದವರಿಗೆಲ್ಲ ಇಲ್ಲ ಎಂದಿದ್ದೇನೆ. ಮೊಬೈಲಿನ ಕ್ಯಾಲೆಂಡರ್ ಜೊತೆ ಸೇರಿಸಿಕೊಡಿ ಎಂಬುದು ಆಗಾಗ ಬರುವ ಬೇಡಿಕೆ. ಕೇಳುವುದು ತಪ್ಪಲ್ಲ, ಆದರೆ ಒಂದು ಹೊಸ ದಾರಿ ತೆರೆದರೆ ಅದರ ಪ್ರತಿ ತಿರುವಿನಲ್ಲೂ ಯಾರದೋ ದಾಖಲೆ ಜಾರಿಬೀಳುವ ಜಾಗ ಇರುತ್ತದೆ, ಅದನ್ನೆಲ್ಲ ಕಾಯುವಷ್ಟು ಬಿಡುವು ನನಗಿಲ್ಲ.

ಬಿಡುವು ಬೇಡುವ ಕೆಲಸ ಬೇರೆ ಕಡೆಯಿಂದಲೂ ಬರುತ್ತದೆ. 2024ರಲ್ಲಿ ಡೆಬಿಯನ್ 32 ಬಿಟ್‌ನ ಆರ್ಮ್ ಯಂತ್ರಗಳಲ್ಲಿ ಸಮಯವನ್ನು 64 ಬಿಟ್‌ನಲ್ಲಿ ಇಡುವ ಕ್ರಮಕ್ಕೆ ಬದಲಾಯಿತು. ಪೈಲಟ್-ಲಿಂಕ್‌ನ ಹೊರಮುಖದ ರಚನೆಗಳಲ್ಲೇ ಡೇಟಾಬೇಸ್ ಹುಟ್ಟಿದ, ಬದಲಾದ, ಬ್ಯಾಕಪ್ ಆದ ಸಮಯಗಳಿವೆ. ಅವುಗಳ ಅಳತೆ ಹಿಗ್ಗಿತೆಂದರೆ ಆಮೇಲಿನ ಎಲ್ಲ ಅಂಶಗಳೂ ಸ್ಮೃತಿಯಲ್ಲಿ ಜಾಗ ಬದಲಿಸಿದಂತೆ. ಹಳೆಯ ಲೈಬ್ರರಿಗೆ ಕಟ್ಟಿದ ಪ್ರೋಗ್ರಾಮ್ ಹೊಸ ಲೈಬ್ರರಿಯೊಡನೆ ಓಡಿದರೆ ಒಂದರ ಬದಲು ಇನ್ನೊಂದನ್ನು ಓದುತ್ತದೆ. ಆದ್ದರಿಂದ ಆರ್ಮ್‌ಗೆ ಲೈಬ್ರರಿ ಪ್ಯಾಕೇಜಿನ ಹೆಸರನ್ನೇ ಬದಲಿಸಿ, ಹಳೆಯದೂ ಹೊಸದೂ ಒಟ್ಟಿಗೆ ಕೂರದಂತೆ ಮಾಡಿದೆ.

ಇನ್ನೊಂದು ಗಡುವು ಪಾಮ್‌ನ ಒಳಗೇ ಇದೆ. ದಿನಚರಿಯ ದಿನಾಂಕಕ್ಕೆ ಇರುವುದು ಹದಿನಾರು ಬಿಟ್: ದಿನಕ್ಕೆ ಐದು, ತಿಂಗಳಿಗೆ ನಾಲ್ಕು, ವರ್ಷಕ್ಕೆ ಏಳು. ವರ್ಷದ ಎಣಿಕೆ ಶುರುವಾಗುವುದು 1904ರಿಂದ. ಏಳು ಬಿಟ್‌ನಲ್ಲಿ 127ರ ಆಚೆ ಎಣಿಸಲಾಗದು, ಹಾಗಾಗಿ 2031ರ ಡಿಸೆಂಬರ್ 31 ಕೊನೆಯ ದಿನ. ಕಂಪ್ಯೂಟರಿನಲ್ಲಿ ಯಾರಾದರೂ 2032ರ ಜನವರಿಗೆ ವಿಮೆಯ ಕಂತು ಗುರುತು ಹಾಕಿಕೊಂಡರೆ, ಬಿಟ್‌ಗಳು ಉರುಳಿ ಅದು ಸಾಧನದಲ್ಲಿ 1904ರ ಜನವರಿಗೆ ಹೋಗಿ ಕೂರುತ್ತದೆ. ಸಾಧನದ ಈ ಮಿತಿಯನ್ನು ನಾನು ತಿದ್ದಲಾರೆ. ಅಂಥ ದಾಖಲೆಯನ್ನು ಸಾಧನಕ್ಕೆ ಕಳಿಸದೆ ಕಂಪ್ಯೂಟರಿನಲ್ಲೇ ಉಳಿಸಿಕೊಂಡು, ಕಾರಣವನ್ನು ಪರದೆಯ ಮೇಲೆ ಬರೆಯುವ ಪ್ಯಾಚ್ ಸಿದ್ಧವಾಗಿದೆ. ಈಗ ಅದು ಪರೀಕ್ಷೆಯಲ್ಲಿದೆ, ಮುಂದಿನ ಆವೃತ್ತಿಯಲ್ಲಿ ಬರುತ್ತದೆ.