ವರ್ಷದ ಮಗುವಿಗೆ ಯೋಕ್ ಫ್ರಾಕ್: ಕೊಡಗಿನ ಮಳೆಗೂ ಚಳಿಗೂ ಒಗ್ಗುವಂತೆ

ವರ್ಷ ತುಂಬಿದ ಹೆಣ್ಣುಮಗುವಿನ ತಲೆಯ ಸುತ್ತಳತೆ ಸರಾಸರಿ 45 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ 18 ಇಂಚು. ಎದೆಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಕತ್ತು ಮಾತ್ರ 9½ರಿಂದ 10 ಇಂಚು. ದೊಡ್ಡವರ ಅಳತೆಯನ್ನೇ ಕುಗ್ಗಿಸಿ ಮಗುವಿಗೆ ಕತ್ತರಿಸಿದರೆ ಎಡವಟ್ಟಾಗುವುದು ಇಲ್ಲೇ. ಕತ್ತಿಗೆ ಸರಿಯಾಗಿ ಕೂತರೆ ತಲೆ ತೂರುವುದಿಲ್ಲ. ತಲೆ ತೂರುವಷ್ಟು ಅಗಲ ಬಿಟ್ಟರೆ ಭುಜದಿಂದ ಜಾರುತ್ತದೆ. ಅದಕ್ಕೇ ಬೆನ್ನ ಕಡೆ ತೆರೆಯುವ ಯೋಕ್ ಫ್ರಾಕ್ ಒಳ್ಳೆಯದು. ಈ ವಯಸ್ಸಿನಲ್ಲಿ ಸೊಂಟ ಎಂಬುದೇ ಇರುವುದಿಲ್ಲ, ಎದೆಗಿಂತ ಹೊಟ್ಟೆಯೇ ಮುಂದಿರುತ್ತದೆ. ಹಾಗಾಗಿ ಯೋಕ್, ಅಂದರೆ ಫ್ರಾಕ್‌ನ ಭುಜ, ಎದೆಯ ಭಾಗ, ಕಂಕುಳಿನ ಸ್ವಲ್ಪ ಕೆಳಗೇ ಮುಗಿದು ಅಲ್ಲಿಂದ ನೆರಿಗೆ ಇಳಿಯಬೇಕು.

ಕೆಳಗಿನ ಅಳತೆ 9ರಿಂದ 15 ತಿಂಗಳ, ಎದೆ 18 ಇಂಚಿನ ಮಗುವಿನದು. ಫ್ರಾಕ್‌ಗೆ ತೋಳಿಲ್ಲ, ಲೈನಿಂಗ್ ಯೋಕ್‌ಗೆ ಮಾತ್ರ. ಇದಕ್ಕೆ ನಮ್ಮ ಹವೆಯೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಒಗೆದ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ತುಂಬುತೋಳು, ಪೂರ್ತಿ ಲೈನಿಂಗ್, ಅದರೊಳಗೆ ನೆಟ್ ಇದ್ದರೆ ಎರಡು ದಿನ ಹರವಿದರೂ ಕಂಕುಳು ಹಸಿಯಾಗಿಯೇ ಉಳಿದು ವಾಸನೆ ಹಿಡಿಯುತ್ತದೆ. ತೋಳಿಲ್ಲದ ಹತ್ತಿ ಫ್ರಾಕ್ ಹೊಲಿದು, ಚಳಿಗೆ ಒಳಗೊಂದು ತುಂಬುತೋಳಿನ ಬನಿಯನ್ ಹಾಕಿದರೆ ಎರಡನ್ನೂ ಬೇರೆ ಬೇರೆ ಒಗೆದು ಹರವಬಹುದು. ಡಿಸೆಂಬರ್ ಚಳಿಗೆ ದಪ್ಪ ಬಟ್ಟೆಯ ಒಂದು ಫ್ರಾಕ್‌ಗಿಂತ ಈ ಜೋಡಿಯೇ ಬೆಚ್ಚಗಿರುತ್ತದೆ.

ಬಟ್ಟೆ

ಕೇಂಬ್ರಿಕ್ ಅಥವಾ ತೆಳು ಪಾಪ್ಲಿನ್ ಹೊರಗೆ, ಮಲ್ (ತೆಳುವಾದ ಮೆತ್ತನೆ ಹತ್ತಿ) ಒಳಗೆ. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ 75 ಸೆಂಟಿಮೀಟರ್ ಸಾಕು. 36 ಇಂಚಿನದಾದರೆ ಒಂದು ಮೀಟರ್ ಬೇಕು. ಲೈನಿಂಗ್‌ಗೆ ಕಾಲು ಮೀಟರ್. ನಿಜ ಹೇಳಬೇಕೆಂದರೆ ಲೈನಿಂಗ್‌ಗೆ ಹೊಸ ಬಟ್ಟೆಗಿಂತ ಮನೆಯ ಹಳೆಯ ಹತ್ತಿ ಪಂಚೆಯೇ ಮೇಲು. ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತದೆ, ಗಂಜಿಯೆಲ್ಲ ಹೋಗಿ ಮೆತ್ತಗಾಗಿರುತ್ತದೆ. ಸವೆದು ಜಾಲರಿಯಾದ ಭಾಗ ಬಿಟ್ಟು, ಅಂಚಿನ ಹತ್ತಿರದ ಗಟ್ಟಿ ಭಾಗ ತೆಗೆದುಕೊಳ್ಳಿ.

ಸಂತೆಯಲ್ಲೋ ಅಂಗಡಿಯಲ್ಲೋ ಕಟ್‌ಪೀಸ್ ಕೊಂಡಿದ್ದರೆ ಅದು ಪೂರ್ತಿ ಹತ್ತಿಯೇ ಎಂದು ನೋಡಿಕೊಳ್ಳಿ. ಅಂಚಿನಿಂದ ಒಂದೆರಡು ಎಳೆ ಬಿಡಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ಮುಟ್ಟಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿ ಕರಗಿ ಗಟ್ಟಿ ಗುಂಡಾಗಿ ನಿಲ್ಲುತ್ತದೆ.

ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಮಾಮೂಲಿ. ಕತ್ತರಿಸುವ ಮುಂಚೆ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಒಗೆದು, ಹಿಂಡದೆ ಹರವಿ. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಇರುವಾಗಲೇ ಬಿಳಿ ಚಿಂದಿಯಿಂದ ಒತ್ತಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಮತ್ತೆ ಒಗೆಯಬೇಕು. ಮೂರು ಸಲಕ್ಕೂ ಬಣ್ಣ ನಿಲ್ಲದಿದ್ದರೆ ಆ ಬಟ್ಟೆ ಮಗುವಿಗೆ ಬೇಡ, ಅದು ಯೋಕ್ ಅಂಚನ್ನೇ ಬಾಯಿಗಿಟ್ಟು ಚೀಪುತ್ತದೆ. ಮಳೆಗಾಲದಲ್ಲಿ ಒಣಗಿದಂತೆ ಕಂಡ ಬಟ್ಟೆಯಲ್ಲೂ ತೇವ ಇರುತ್ತದೆ, ಚಾಕ್ ಗೆರೆ ಮೂಡುವುದಿಲ್ಲ. ಬಿಸಿ ಇಸ್ತ್ರಿ ಹಾಕಿ, ತಣಿದ ಮೇಲೆ ಗುರುತು ಮಾಡಿ.

ಕತ್ತರಿಸುವುದು

ಯೋಕ್ ಅನ್ನು ಮೊದಲು ಹಳೆಯ ಪೇಪರಿನಲ್ಲಿ ಬರೆದುಕೊಳ್ಳಿ. ಎದೆ 18ಕ್ಕೆ ಸಡಿಲ 3 ಇಂಚು ಸೇರಿಸಿದರೆ 21, ಅದರ ಕಾಲು ಭಾಗ 5¼. ಪೇಪರಿನ ಎಡ ಅಂಚು ಮುಂಭಾಗದ ನಡುಗೆರೆ. ಮೇಲಿನ ಮೂಲೆಯಿಂದ ಅಡ್ಡಕ್ಕೆ 2 ಇಂಚು ಕತ್ತಿನ ಅಗಲ, ಕೆಳಕ್ಕೆ 2 ಇಂಚು ಕತ್ತಿನ ಆಳ. ಇವೆರಡನ್ನೂ ಬಾಗಿಸಿ ಸೇರಿಸಿ. ಅದೇ ಮೂಲೆಯಿಂದ ಅಡ್ಡಕ್ಕೆ 4 ಇಂಚಿಗೆ ಭುಜದ ತುದಿ, ಅಲ್ಲಿ ಅರ್ಧ ಇಂಚು ಇಳಿಜಾರು. ಮೇಲಿನ ಗೆರೆಯಿಂದ 4¼ ಇಂಚು ಕೆಳಗೆ, ನಡುಗೆರೆಯಿಂದ 5¼ ಇಂಚು ದೂರಕ್ಕೆ ಕಂಕುಳು. ಯೋಕ್‌ನ ಒಟ್ಟು ಉದ್ದ 5 ಇಂಚು. ಕಂಕುಳಿನ ಗೆರೆ ಭುಜದಿಂದ ಹೆಚ್ಚುಕಡಿಮೆ ನೇರವಾಗಿ ಇಳಿದು, ಕೊನೆಯ ಮೂರನೇ ಒಂದು ಭಾಗದಲ್ಲಷ್ಟೇ ಬಾಗಬೇಕು. ಮೇಲಿನಿಂದಲೇ ಬಾಗಿಸಿದರೆ ಎದೆಯ ಕಡೆ ಬಟ್ಟೆ ಕಡಿಮೆಯಾಗಿ ಮಗು ಕೈ ಚಾಚಿದಾಗ ಎಳೆಯುತ್ತದೆ. ಒಳಗೆ ಉಣ್ಣೆಯ ಸ್ವೆಟರ್ ಹಾಕುವುದಿದ್ದರೆ ಕಂಕುಳಿನ ಆಳಕ್ಕೂ ಯೋಕ್‌ನ ಉದ್ದಕ್ಕೂ ಕಾಲು ಇಂಚು ಸೇರಿಸಿ.

ಹಿಂಭಾಗವೂ ಇದೇ. ಕತ್ತಿನ ಆಳ ಮಾತ್ರ ಮುಕ್ಕಾಲು ಇಂಚು, ಮತ್ತು ನಡುಗೆರೆಯ ಆಚೆ ಗುಂಡಿಪಟ್ಟಿಗೆ ಅರ್ಧ ಇಂಚು ಹೆಚ್ಚು. ಎರಡೂ ಬದಿ ಸೇರಿದಾಗ ಒಂದರ ಮೇಲೊಂದು ಒಂದು ಇಂಚು ಕೂರುತ್ತದೆ.

ಇದಕ್ಕೆ ಹೊಲಿಗೆಗೆಂದು ಬಿಡುವ ಬಟ್ಟೆ ಬೇರೆ: ಭುಜ, ಪಕ್ಕ, ಕೆಳಗೆ ಅರ್ಧ ಇಂಚು, ಕತ್ತು, ಕಂಕುಳು, ಗುಂಡಿಪಟ್ಟಿಯ ಅಂಚಿಗೆ ಕಾಲು ಇಂಚು. ಕತ್ತಿಗೂ ಅರ್ಧ ಇಂಚು ಬಿಡುವವರಿದ್ದಾರೆ. ಅಷ್ಟು ಸಣ್ಣ ಬಾಗಿನಲ್ಲಿ ಅರ್ಧ ಇಂಚು ಮಡಚಿ ಕೂರುವುದಿಲ್ಲ.

ಮುಂಭಾಗ ಮಡಿಕೆಯ ಮೇಲೆ ಒಂದು, ಹಿಂಭಾಗ ಎರಡು, ಲೈನಿಂಗ್‌ನಲ್ಲೂ ಅಷ್ಟೇ. ಬಟ್ಟೆಯ ಉದ್ದದ ಎಳೆ ಕತ್ತಿನಿಂದ ಕೆಳಕ್ಕೆ ಹೋಗುವಂತೆ ಇಡಿ. ಯೋಕ್ ಕತ್ತರಿಸಿದ ಕೂಡಲೇ ಕತ್ತಿನ ಬಾಗಿನಲ್ಲಿ ಅಂಚಿನಿಂದ ಅರೆಪಾಲು (⅛) ಇಂಚು ಒಳಗೆ ಒಂದು ಹೊಲಿಗೆ ಓಡಿಸಿಬಿಡಿ. ಬಾಗಿನ ಭಾಗದಲ್ಲಿ ಎಳೆ ಓರೆಯಾಗಿ ಬರುವುದರಿಂದ ಕೈಯಾಡಿಸಿದಷ್ಟೂ ಹಿಗ್ಗುತ್ತದೆ. ಕೊನೆಗೆ ಕತ್ತು ಜೋತುಬೀಳುವುದು ಇದರಿಂದಲೇ, ಅಳತೆ ತಪ್ಪಿದ್ದರಿಂದಲ್ಲ.

ಸ್ಕರ್ಟ್ ಭಾಗ ಬಟ್ಟೆಯ ಪೂರ್ತಿ ಪನ್ನ, ಅಂದರೆ 44 ಇಂಚು ಅಗಲ, 14 ಇಂಚು ಉದ್ದ. ಸಿದ್ಧವಾದಾಗ 11 ಇಂಚು ನಿಲ್ಲುತ್ತದೆ: ಮೇಲೆ ಅರ್ಧ ಇಂಚು ಹೊಲಿಗೆಗೆ, ಕೆಳಗೆ 2½ ಇಂಚು ಮಡಿಕೆಗೆ. 36 ಇಂಚಿನ ಪನ್ನವಾದರೆ ಎರಡು ತುಂಡು ಕತ್ತರಿಸಿ ಪಕ್ಕಕ್ಕೆ ಜೋಡಿಸಿ, ಒಟ್ಟು ಅಗಲವನ್ನು 44ಕ್ಕೆ ಇಳಿಸಿ. ಯೋಕ್‌ನ ಕೆಳ ಅಂಚು 22 ಇಂಚು ಇರುವುದರಿಂದ ಎರಡರಷ್ಟು ನೆರಿಗೆ ಸಿಗುತ್ತದೆ. ಮೂರರಷ್ಟು ಕೊಟ್ಟರೆ ಫೋಟೋಕ್ಕೆ ಚೆಂದ, ಅಂಬೆಗಾಲಿಡುವ ಮಗುವಿನ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಹೊಲಿಯುವುದು

ಯಂತ್ರಕ್ಕೆ 11ನೇ ನಂಬರಿನ ಸೂಜಿ ಹಾಕಿ. 14ರದ್ದು ಮಲ್‌ನಲ್ಲಿ ತೂತು ಬಿಡುತ್ತದೆ, ಹೊಲಿಗೆ ಸುಕ್ಕಾಗುತ್ತದೆ. ಇಂಚಿಗೆ 12 ಹೊಲಿಗೆ ಬರಲಿ. ಮಳೆಗಾಲದಲ್ಲಿ ಸೂಜಿಗೆ ತುಕ್ಕು ಹಿಡಿದಿದ್ದರೆ ಎಳೆ ಕೀಳುತ್ತದೆ, ಬದಲಿಸಿ. ಎಣ್ಣೆ ಬಿಟ್ಟ ಯಂತ್ರವನ್ನು ಮೊದಲು ಚಿಂದಿಯ ಮೇಲೆ ಓಡಿಸಿ. ಗಾಳಿಮಳೆಗೆ ಕರೆಂಟ್ ಹೋಗುವ ಊರಲ್ಲಿ ಕಾಲಲ್ಲಿ ತುಳಿಯುವ ಯಂತ್ರವೇ ನಂಬಿಕಸ್ಥ. ಇಂಥ ಸಣ್ಣ ಬಾಗುಗಳಲ್ಲಿ ಅದರ ನಿಧಾನವೂ ಅನುಕೂಲವೇ.

ಹೊರಬಟ್ಟೆಯ ಭುಜಗಳನ್ನು ಜೋಡಿಸಿ, ಲೈನಿಂಗ್‌ನ ಭುಜಗಳನ್ನೂ ಬೇರೆಯಾಗಿ ಜೋಡಿಸಿ. ಹೊಲಿಗೆಯನ್ನು ಬಿಡಿಸಿ ಇಸ್ತ್ರಿ ಮಾಡಿ. ಈಗ ಎರಡನ್ನೂ ಮೇಲ್ಮೈ ಒಳಗಾಗುವಂತೆ ಒಂದರ ಮೇಲೊಂದು ಇಟ್ಟು, ಭುಜದ ಹೊಲಿಗೆಗಳು ಸರಿಯಾಗಿ ಕೂಡುವಂತೆ ಕಚ್ಚಾ ಹೊಲಿಗೆ ಹಾಕಿ. ಒಂದು ಬದಿಯ ಗುಂಡಿಪಟ್ಟಿಯ ಕೆಳತುದಿಯಿಂದ ಹೊರಟು, ಮೇಲೆ ಬಂದು, ಕತ್ತು ಸುತ್ತಿ, ಇನ್ನೊಂದು ಬದಿಯ ಕೆಳತುದಿಗೆ ಒಂದೇ ಓಟದಲ್ಲಿ ಹೊಲಿಯಿರಿ. ಮೂಲೆಯಲ್ಲಿ ಸೂಜಿ ಬಟ್ಟೆಯೊಳಗಿರುವಾಗಲೇ ಫುಟ್ ಎತ್ತಿ ತಿರುಗಿಸಿ. ಆಮೇಲೆ ಎರಡು ಕಂಕುಳನ್ನೂ ಬೇರೆ ಬೇರೆ ಹೊಲಿಯಿರಿ. ಪಕ್ಕಗಳನ್ನು ಈಗ ಮುಟ್ಟಬೇಡಿ. ಅವನ್ನು ಮುಚ್ಚಿಬಿಟ್ಟರೆ ಯೋಕ್ ತಿರುಗಿಸಲು ದಾರಿಯೇ ಇರುವುದಿಲ್ಲ, ಎಲ್ಲ ಬಿಚ್ಚಬೇಕಾಗುತ್ತದೆ.

ಮುಂದಿನದು ಕತ್ತರಿಯ ಕೆಲಸ, ಫ್ರಾಕ್ ಕೂರುವುದೂ ಕೆಡುವುದೂ ಇಲ್ಲೇ. ಕತ್ತಿನ ಬಾಗಿನಲ್ಲಿ, ಕಂಕುಳಿನ ಬಾಗಿನಲ್ಲಿ ಅಂಚಿನಿಂದ ಹೊಲಿಗೆಯ ಕಡೆಗೆ ಕತ್ತರಿಯ ಮೊನೆಯಿಂದ ಸಣ್ಣ ಕಚ್ಚು ಕೊಡುತ್ತ ಹೋಗಿ, ಒಂದರಿಂದ ಒಂದಕ್ಕೆ ಅರ್ಧ ಇಂಚಿಗಿಂತ ಕಡಿಮೆ ಅಂತರ. ಹೊಲಿಗೆಗೆ ಒಂದೆರಡು ಎಳೆ ಉಳಿಸಿ ನಿಲ್ಲಿಸಬೇಕು. ಕಚ್ಚು ಮೇಲೆಯೇ ನಿಂತರೆ ತಿರುಗಿಸಿದಾಗ ಕತ್ತು ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ. ಹೊಲಿಗೆಗೇ ತಾಗಿದರೆ ಆಗ ಕಾಣದ ತೂತು ನಾಲ್ಕು ಒಗೆತಕ್ಕೆ ಬಾಯಿ ಬಿಡುತ್ತದೆ. ಗುಂಡಿಪಟ್ಟಿಯ ಮೇಲಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿ.

ಹಿಂಭಾಗದ ತುಂಡನ್ನು ಭುಜದ ಕೊಳವೆಯೊಳಗೆ ತೂರಿಸಿ ಮುಂಭಾಗದ ಕಡೆಯಿಂದ ಹೊರಗೆಳೆಯಿರಿ, ಇನ್ನೊಂದು ಬದಿಯನ್ನೂ ಹಾಗೆಯೇ. ಪಿನ್ನು ಚುಚ್ಚಿ ಎಳೆಯಬೇಡಿ, ಬೆರಳಲ್ಲೇ ಬರುತ್ತದೆ. ಭುಜ ಒಂದೂವರೆ ಇಂಚಿಗಿಂತ ಸಣ್ಣದಿದ್ದರೆ ಮಾತ್ರ ಕಷ್ಟ. ಯೋಕ್ ಪೂರ್ತಿ ತಿರುಗಿದ ಮೇಲೆ ಲೈನಿಂಗ್ ಹೊರಗೆ ಇಣುಕದಂತೆ ಅಂಚನ್ನು ಬೆರಳಿನಿಂದ ತೀಡಿ ಇಸ್ತ್ರಿ ಮಾಡಿ. ಈಗ ಪಕ್ಕಗಳು: ಲೈನಿಂಗ್ ಅನ್ನು ಮೇಲಕ್ಕೆತ್ತಿ, ಕಂಕುಳಿನ ಹೊಲಿಗೆ ಹೊಲಿಗೆಗೆ ಕೂಡಿಸಿ, ಹೊರಬಟ್ಟೆಯಿಂದ ಲೈನಿಂಗ್‌ವರೆಗೆ ಒಂದೇ ಗೆರೆಯಲ್ಲಿ ಹೊಲಿಯಿರಿ. ಯೋಕ್‌ನೊಳಗೆ ಕೈಹಾಕಿ ನೋಡಿದರೆ ಒಂದು ಕಚ್ಚಾ ಅಂಚೂ ಬೆರಳಿಗೆ ತಾಗಬಾರದು. ಅಂಗಡಿಯ ಅಗ್ಗದ ಫ್ರಾಕ್‌ಗಳಲ್ಲಿ ಮಗುವಿನ ಕಂಕುಳು ಕೆಂಪಾಗುವುದು ಒಳಗಿನ ಓವರ್‌ಲಾಕ್ ಅಂಚು ಉಜ್ಜುವುದರಿಂದ. ಈ ಪದ್ಧತಿಯಲ್ಲಿ ಯೋಕ್‌ಗೆ ಓವರ್‌ಲಾಕ್ ಬೇಕೇ ಆಗುವುದಿಲ್ಲ.

ಸ್ಕರ್ಟ್‌ನ ಎರಡು ಅಂಚುಗಳನ್ನು ಬೆನ್ನ ನಡುವೆ ಸೇರಿಸಿ ಹೊಲಿಯಿರಿ. ಮೇಲಿನ 3 ಇಂಚು ತೆರೆದೇ ಇರಲಿ, ಆ ಸೀಳಿನ ಅಂಚುಗಳನ್ನು ಸಣ್ಣಗೆ ಮಡಚಿ ಹೊಲಿಯಿರಿ. ನೇಯ್ಗೆಯ ಅಂಚೇ ಇರುವುದರಿಂದ ಎಳೆ ಬಿಡುವುದಿಲ್ಲ. ಆದರೆ ಆ ಅಂಚು ಬಿಗಿಯಾಗಿ ಎಳೆಯುತ್ತಿದ್ದರೆ ಕತ್ತರಿಸಿ ತೆಗೆದು, ಕಚ್ಚಾ ಅಂಚನ್ನು ಒಳಕ್ಕೆ ಮಡಚಿ.

ನೆರಿಗೆಗೆ ಯಂತ್ರದ ಅತಿ ಉದ್ದದ ಹೊಲಿಗೆ ಇಟ್ಟು, ಮೇಲಿನ ದಾರ ಸ್ವಲ್ಪ ಸಡಿಲಿಸಿ, ಅಂಚಿನಿಂದ ಕಾಲು ಇಂಚಿಗೆ ಒಂದು, ಅದರ ಕೆಳಗೆ ಅರೆಪಾಲು ಇಂಚಿಗೆ ಇನ್ನೊಂದು ಸಾಲು ಓಡಿಸಿ. ಒಂದೇ ಸಾಲು ಹಾಕಿದರೆ ನೆರಿಗೆ ಹೊರಳಿಕೊಳ್ಳುತ್ತದೆ. ನಡುವಿನಲ್ಲಿ ದಾರ ಕಡಿದು ಎರಡು ಭಾಗವಾಗಿ ಮಾಡಿ; 44 ಇಂಚನ್ನು ಒಂದೇ ಎಳೆತಕ್ಕೆ ಕುಗ್ಗಿಸ ಹೊರಟರೆ ದಾರ ಪಟ್ಟೆಂದು ತುಂಡಾಗುತ್ತದೆ. ಸ್ಕರ್ಟನ್ನೂ ಯೋಕನ್ನೂ ಎಂಟೆಂಟು ಸಮಭಾಗವಾಗಿ ಗುರುತಿಸಿ, ಗುರುತಿಗೆ ಗುರುತು ಕೂಡಿಸಿ, ಬಾಬಿನ್ ದಾರ ಎಳೆದು ನೆರಿಗೆ ಹಂಚಿ. ಯೋಕ್‌ನ ಹೊರಬಟ್ಟೆಗೆ ಮಾತ್ರ ಜೋಡಿಸಿ, ಲೈನಿಂಗ್ ಮೇಲಕ್ಕೆ ಮಡಚಿರಲಿ. ಹೊಲಿಯುವಾಗ ನೆರಿಗೆ ಮೇಲ್ಗಡೆ ಕಾಣುತ್ತಿರಬೇಕು. ಕೆಳಗಿದ್ದರೆ ಎಲ್ಲಿ ದಪ್ಪ ಮಡಿಕೆ ಸಿಕ್ಕಿತೆಂದು ತಿಳಿಯುವುದಿಲ್ಲ. ಕೊನೆಗೆ ಹೊಲಿಗೆಯನ್ನು ಯೋಕ್ ಕಡೆಗೆ ಮೇಲಕ್ಕೆ ಒತ್ತಿ, ಲೈನಿಂಗ್‌ನ ಕೆಳ ಅಂಚನ್ನು ಅರ್ಧ ಇಂಚು ಒಳಮಡಚಿ ಕೈಯಲ್ಲೇ ಹೆಮ್ಮಿಂಗ್ ಮಾಡಿ ಮುಚ್ಚಿ.

ಕೆಳಗಿನ ಮಡಿಕೆಯೂ ಕೈಹೊಲಿಗೆಯೇ ಆಗಲಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಂತೆ ಹೆಣ್ಣುಮಗುವಿನ ಸರಾಸರಿ ಉದ್ದ ವರ್ಷಕ್ಕೆ 74 ಸೆಂಟಿಮೀಟರ್, ಎರಡು ವರ್ಷಕ್ಕೆ 86. ಎದೆ ಮಾತ್ರ ಅಷ್ಟು ಬೇಗ ಹಿಗ್ಗುವುದಿಲ್ಲ. ಆ 2½ ಇಂಚು ಬಿಚ್ಚಿದರೆ ಅದೇ ಫ್ರಾಕ್ ಮುಂದಿನ ವರ್ಷಕ್ಕೂ ಬಂದೀತು. ಬಿಚ್ಚಿದ ಜಾಗದಲ್ಲಿ ಹಳೆಯ ಮಡಿಕೆಯ ಗೆರೆ ಉಳಿಯುತ್ತದೆ. ಅದರ ಮೇಲೆ ಒಂದು ಟಕ್ (ಹೊಲಿದ ಸಣ್ಣ ಮಡಿಕೆ) ಹಿಡಿದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಗುಂಡಿ, ಲೇಸು, ರೇಷ್ಮೆ

ಬೆನ್ನಿಗೆ ಮೂರು ಟಿಚ್ ಬಟನ್ ಅಥವಾ ಚಪ್ಪಟೆ ಸಣ್ಣ ಗುಂಡಿ ಸಾಕು. ಹಾಕಿದಾಗ ಸೀಳಿನ ತುದಿಯಲ್ಲಿ ಸಣ್ಣ ಮಡಿಕೆ ಬೀಳುತ್ತದೆ, ಅದು ತಪ್ಪಲ್ಲ. ಗುಂಡಿಯನ್ನು ಜೋಡಿದಾರದಲ್ಲಿ ಹೊಲಿದು, ಎರಡು ಬೆರಳಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಕಿತ್ತು ಬಂದರೆ ಈಗಲೇ ಬರಲಿ, ಮಗುವಿನ ಗಂಟಲಿಗೆ ಹೋಗುವುದು ಬೇಡ. ಕತ್ತಿನ ಸುತ್ತ ಕಟ್ಟುವ ದಾರವಂತೂ ಬೇಡವೇ ಬೇಡ. ಇನ್ನೂ ಕೂರದ, ಸದಾ ಅಂಗಾತ ಮಲಗುವ ಮಗುವಿಗೆ ಬೆನ್ನಗುಂಡಿ ಒತ್ತುತ್ತದೆ. ಅದಕ್ಕೆ ಈ ಫ್ರಾಕ್‌ಗಿಂತ ಪಕ್ಕದಲ್ಲಿ ಕಟ್ಟುವ ಜಬಲಾ ಮೇಲು. ಲೇಸು ಹಾಕುವುದೇ ಆದರೆ ಹತ್ತಿಯದು, ಅದೂ ಕೆಳ ಅಂಚಿಗೆ. ಮಳೆಗಾಲದಲ್ಲಿ ಒಲೆಯ ಮೇಲೆ ಬಟ್ಟೆ ಹರವುವ ಮನೆಯಲ್ಲಿ ನೈಲಾನ್ ಲೇಸು ಶಾಖಕ್ಕೆ ಮುದುಡಿ ಮುಳ್ಳಾಗುತ್ತದೆ.

ಹುತ್ತರಿ ಹಬ್ಬಕ್ಕೆ ಅಜ್ಜಿಯ ರೇಷ್ಮೆ ಸೀರೆಯಲ್ಲಿ ಹೊಲಿಯಬೇಕೆಂಬ ಆಸೆ ಹಲವು ಮನೆಗಳಲ್ಲಿ ಇರುತ್ತದೆ. ಸೀರೆಯನ್ನು ಎರಡು ಹೆಬ್ಬೆರಳ ನಡುವೆ ಬಿಗಿಯಾಗಿ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಎಳೆಯಿರಿ. ಚಿರ್ರೆಂದು ಸದ್ದಾಗಿ ಎಳೆ ಬಿಟ್ಟರೆ ಅದು ನೆರಿಗೆಯ ಭಾರ ತಡೆಯುವುದಿಲ್ಲ. ಮಡಿಕೆ ಬಿದ್ದ ಗೆರೆಗಳಲ್ಲೇ ರೇಷ್ಮೆ ಮೊದಲು ಸೀಳುವುದು, ಆ ಗೆರೆ ತಪ್ಪಿಸಿ ಕತ್ತರಿಸಿ. ಜರಿಯ ಅಂಚು ಸ್ಕರ್ಟ್‌ನ ಕೆಳಗಷ್ಟೇ ಬರಲಿ; ಕತ್ತಿಗೆ, ಕಂಕುಳಿಗೆ ತಂದರೆ ಮಗು ಕೆರೆದುಕೊಂಡು ಅಳುತ್ತದೆ. ಯೋಕ್‌ನ ಲೈನಿಂಗ್ ಇಲ್ಲೂ ಮಲ್ಲೇ.

ಹೊಲಿಗೆಗೆ ಕೂರುವ ಮುಂಚೆ ಪಿನ್ನುಗಳನ್ನು ಎಣಿಸಿಟ್ಟು, ಮುಗಿದ ಮೇಲೆ ಮತ್ತೆ ಎಣಿಸಿ. ಒಂದು ಕಡಿಮೆ ಬಂದರೂ ಫ್ರಾಕ್ ಮೇಲೆ ಅಯಸ್ಕಾಂತ ಆಡಿಸಿ, ನೆರಿಗೆಯ ಹೊಲಿಗೆಯನ್ನು ಇಂಚಿಂಚೂ ಬೆರಳಲ್ಲಿ ಒತ್ತಿ ನೋಡಿ. ಆಮೇಲೆ ಒಮ್ಮೆ ಒಗೆದು ತೊಡಿಸಿ. ಎತ್ತಿಡುವುದಾದರೆ ಗಂಜಿ ಹಾಕಬೇಡಿ. ಗಂಜಿ ಹಾಕಿದ ಬಟ್ಟೆಗೆ ಆಟಿಯ ಮಳೆಯಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ, ಆ ಕಪ್ಪು ಚುಕ್ಕೆ ಮತ್ತೆ ಹೋಗುವುದಿಲ್ಲ.