ಹಳೇ ಕಾರಿನ ಗಡಿಯಾರಕ್ಕೆ ಕ್ವಾರ್ಟ್ಜ್ ಮಷೀನ್: ಶೆಲ್ ಬೇಡ, ಎರಡು ಡಯೋಡ್ ಸಾಕು

1960-70ರ ದಶಕದ ಜಾಗ್ವಾರ್, ಮರ್ಸಿಡಿಸ್ ತರದ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರಕ್ಕೆ ಗೋಡೆ ಗಡಿಯಾರದ ಕ್ವಾರ್ಟ್ಜ್ ಮಷೀನ್ ಕೂರಿಸುತ್ತಿದ್ದರೆ, ಒಳಗೆ ಶೆಲ್ ಇಡಬೇಡಿ. ಬಿಸಿಲಿಗೆ ಕಾದು ಸೋರುತ್ತದೆ. ಸದಾ ಕರೆಂಟ್ ಇರುವ 12 ವೋಲ್ಟ್ ವೈರಿಗೆ ಅರ್ಧ ಆಂಪಿಯರ್ ಫ್ಯೂಸ್, ಆಮೇಲೆ 2.2 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಕಾರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ ಒಂದರ ಹಿಂದೆ ಒಂದು ಎರಡು 1ಎನ್4007 ಡಯೋಡ್ ಹಾಕಿ. ಬೆಳ್ಳಿ ಗೆರೆ ಅರ್ತ್ ಕಡೆಗಿರಲಿ. ಡಯೋಡ್ ಜೋಡಿಯ ಎರಡು ತುದಿಯಿಂದ ಮಷೀನಿಗೆ ವೈರ್ ಎಳೆಯಿರಿ, ಅಲ್ಲೇ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಪ್ಲಸ್-ಮೈನಸ್ ನೋಡಿ ಬೆಸುಗೆ ಹಾಕಿ. ಒಂದೊಂದು ಡಯೋಡ್ ಸುಮಾರು 0.65 ವೋಲ್ಟ್ ಹಿಡಿಯುತ್ತದೆ. ಹಾಗಾಗಿ ಎಂಜಿನ್ ಓಡುವಾಗ 14 ವೋಲ್ಟ್ ಬಂದರೂ ಮಷೀನಿಗೆ ಸಿಗುವುದು 1.3ರ ಆಸುಪಾಸು, ಅದಕ್ಕೆ ಅಷ್ಟೇ ಸಾಕು. ಕೆಪಾಸಿಟರ್ ಇಲ್ಲದಿದ್ದರೆ ಹಾರ್ನ್, ವೈಪರ್‌ಗಳ ವಿದ್ಯುತ್ ಏರಿಳಿತಕ್ಕೆ ಮುಳ್ಳು ತಪ್ಪುವುದುಂಟು. ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸಿರಬಹುದು, ಅಲ್ಲಿ ಡಯೋಡ್, ಕೆಪಾಸಿಟರ್, ಮಷೀನ್ ಮೂರನ್ನೂ ತಿರುಗಿಸಿ ಹಾಕಬೇಕು. ಈ ಸರ್ಕ್ಯೂಟ್ ಸದಾ 5 ಮಿಲಿಆಂಪಿಯರ್ ಎಳೆಯುತ್ತದೆ, ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಇದು ಸರಿಬರಲ್ಲ. ಮೂಲ ಮುಳ್ಳುಗಳು ದಪ್ಪಗೆ, ಭಾರವಾಗಿದ್ದರೆ ಸಣ್ಣ ಮಷೀನ್ 9 ಗಂಟೆಯಿಂದ ಮೇಲೆ ಹತ್ತಿಸಲು ಒದ್ದಾಡುತ್ತದೆ. ಟಾರ್ಕ್ (ಮುಳ್ಳು ತಿರುಗಿಸುವ ಬಲ) ಜಾಸ್ತಿ ಇರುವ ಮಷೀನನ್ನೇ ಕೇಳಿ ತನ್ನಿ. ಇನ್ನು ಗಡಿಯಾರದ ಮುಂಭಾಗದ ಹಳೇ ನಾಬ್ ಸುಮ್ನೆ ಅಲಂಕಾರಕ್ಕಷ್ಟೇ, ಟೈಮ್ ಸರಿಮಾಡಲು ಹಿಂದೆಯೇ ಕೈ ಹಾಕಬೇಕು.